ತಲೆ ಟಾರ್ಚ್ ಕೆಟ್ಟಿದ್ಯಾ? ಎಸೆಯೋ ಮುಂಚೆ ಒಮ್ಮೆ ಬಿಚ್ಚಿ ನೋಡಿ, ‘ಲೀಥಿಯಂ ಹಾಕ್ಕೊಡ್ತೀನಿ’ ಅಂದ್ರೆ ಎರಡು ಸಲ ಯೋಚನೆ ಮಾಡಿ

ಸೋಂಪುರ: ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್ ಅನ್ನೋದು ಸರ್ಕಾರದ ಲೆಕ್ಕ. ಆ 7 ಗಂಟೆ ಹಗಲಲ್ಲೇ ಬರಬೇಕು ಅಂತೇನೂ ಇಲ್ಲ. ಸೋಂಪುರ ಹೋಬಳಿಯ ರೈತರನ್ನ ಕೇಳಿ ನೋಡಿ, ರಾತ್ರಿ ಎರಡು ಗಂಟೆಗೆ ಎದ್ದು ಸ್ಟಾರ್ಟರ್ ಡಬ್ಬದ ಹತ್ರ ಹೋದ ಕಥೆ ಎಲ್ಲರ ಹತ್ರಾನೂ ಇರುತ್ತೆ. ಒಂದು ಕೈಯಲ್ಲಿ ಸನಿಕೆ, ಇನ್ನೊಂದು ಕೈಯಲ್ಲಿ ಪೈಪು. ಅದಕ್ಕೇ ಕೈಲಿ ಹಿಡಿಯೋ ಟಾರ್ಚ್ ಹೋಗಿ ತಲೆಗೆ ಕಟ್ಟೋ ಟಾರ್ಚ್ ಬಂದಿದ್ದು. ಬೆಳಗಿನ ಜಾವ ಹೂ ಬಿಡಿಸೋರು, ಕತ್ತಲಿರುವಾಗಲೇ ಹಾಲು ಕರೆದು ಡೈರಿಗೆ ಹೋಗೋರು, ಕೈಗಾರಿಕಾ ಪ್ರದೇಶದಲ್ಲಿ ನೈಟ್ ಶಿಫ್ಟ್ ಸೆಕ್ಯೂರಿಟಿ ಕೆಲಸದೋರು, ಎಲ್ಲರ ಹಣೆ ಮೇಲೂ ಈಗ ಅದೇ.

ಕೆಟ್ಟರೆ ಇದೇನು ಸಣ್ಣ ವಿಷಯ ಅಲ್ಲ. ಬದುವಿನ ಮೇಲೆ ಕೊಳಕುಮಂಡಲ ಮಲಗಿರುತ್ತೆ, ಕಟ್ಟುಹಾವು ಓಡಾಡೋದೇ ರಾತ್ರಿ. 2024ರ ನವೆಂಬರ್‌ನಲ್ಲಿ ಶಿವಗಂಗೆ ಬೆಟ್ಟದ ಸುತ್ತಲಿನ ಹಳ್ಳಿಯಲ್ಲಿ ಹುಲ್ಲು ತರಲು ಹೋದ ಮಹಿಳೆಯನ್ನು ಚಿರತೆ ಕೊಂದ ಮೇಲಂತೂ ಬೆಳಕಿಲ್ಲದೆ ತೋಟಕ್ಕೆ ಕಾಲಿಡೋಕೆ ಜನ ಹೆದರ್ತಾರೆ. ಆದರೂ ಟಾರ್ಚ್ ಕೆಟ್ಟ ತಕ್ಷಣ ನಾವು ಮಾಡೋದು ಎರಡೇ ಕೆಲಸ. ಎರಡು ಸಲ ಅಂಗೈಗೆ ಹೊಡೀತೀವಿ, ಆಮೇಲೆ ಎಸೆದು ಇನ್ನೊಂದು ತರ್ತೀವಿ. ಎಸೆದ ಹತ್ತರಲ್ಲಿ ಆರೇಳು ಐದು ರೂಪಾಯಿ ಖರ್ಚಿಲ್ಲದೆ ಸರಿ ಹೋಗೋವೇ ಇರುತ್ತವೆ. ಇದು ನನ್ನ ಅಂದಾಜು. ನಮ್ಮ ಮನೆ ಅಟ್ಟದ ಮೇಲಿದ್ದ ಹಳೇವನ್ನ ಬಿಚ್ಚಿ ನೋಡಿದಾಗ ನನಗೆ ಸಿಕ್ಕ ಲೆಕ್ಕ ಅದು.

ಮೊದಲೇ ಒಂದು ಮಾತು. ನಮ್ಮ ಕಡೆ ಟಾರ್ಚ್‌ಗೇ ‘ಬ್ಯಾಟ್ರಿ’ ಅಂತೀವಿ. ಹಾಗೆ ಬರೆದರೆ ಇಲ್ಲಿ ಗೊಂದಲ ಆಗುತ್ತೆ. ಆದ್ದರಿಂದ ಹಣೆಗೆ ಕಟ್ಟೋದನ್ನ ತಲೆ ಟಾರ್ಚ್ ಅಂತಲೂ, ಒಳಗಿರೋ ಕರೆಂಟ್ ಡಬ್ಬಿಯನ್ನ ಸೆಲ್ ಅಂತಲೂ ಕರೀತೀನಿ.

ನಿಮ್ಮದು ಯಾವ ಜಾತಿ?

ಟಾರ್ಚ್‌ದು ಕೇಳ್ತಿರೋದು! ಅಂಗಡಿಗಳಲ್ಲಿ ಸಿಗೋದು ಮುಖ್ಯವಾಗಿ ಮೂರು ಥರ. ಒಂದು, ಮೂರು ಸಣ್ಣ ಪೆನ್ಸಿಲ್ ಸೆಲ್ ಹಾಕೋದು. ಇದರಲ್ಲಿ ಚಾರ್ಜಿಂಗ್ ತಲೆನೋವಿಲ್ಲ. ಎರಡನೇದು, ಗೋಡೆಯ ಪ್ಲಗ್‌ಗೆ ನೇರವಾಗಿ ಚುಚ್ಚೋದು, ಎರಡು ಪಿನ್ನು ಟಾರ್ಚ್‌ನಲ್ಲೇ ಇರುತ್ತೆ ಅಥವಾ ಎರಡು ಪಿನ್ನಿನ ವೈರ್ ಕೊಟ್ಟಿರ್ತಾರೆ. ಇದರೊಳಗೆ ಸಾಮಾನ್ಯವಾಗಿ 4 ವೋಲ್ಟ್‌ನ ಚಿಕ್ಕ ಸೀಸದ ಬ್ಯಾಟರಿ ಇರುತ್ತೆ, ಸ್ಕೂಟರ್ ಬ್ಯಾಟರಿಯ ಮರಿ ಅಂದ್ಕೊಳ್ಳಿ. ಮೂರನೇದು ಮೊಬೈಲ್ ಚಾರ್ಜರ್‌ನಲ್ಲಿ ಚಾರ್ಜ್ ಆಗೋದು. ಇದರೊಳಗೆ 18650 ಅನ್ನೋ ಲೀಥಿಯಂ ಸೆಲ್. ಆ ನಂಬರ್ ಏನು ಮಂತ್ರ ಅಲ್ಲ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೇ ಸೊನ್ನೆ ಅಂದ್ರೆ ದುಂಡಗಿದೆ ಅಂತ. ಪೂರ್ತಿ ತುಂಬಿದಾಗ 4.2 ವೋಲ್ಟ್, ಖಾಲಿ ಆದಾಗ 3ರ ಹತ್ತಿರ.

ಯಾವುದು ಅಂತ ಗೊತ್ತಾಗೋದು ಯಾಕೆ ಮುಖ್ಯ ಅಂತ ಕೆಳಗೆ ಹೇಳ್ತೀನಿ. ಬೆಂಕಿ ವಿಷಯ ಅದು.

ಚಾರ್ಜೇ ಆಗ್ತಿಲ್ಲ ಅಂದ್ರೆ

ಇತ್ತೀಚೆಗೆ ಬರೋ ದೂರು ಇದೇ ಜಾಸ್ತಿ: ‘ಹೊಸಾದು ತಂದೆ, ಟೈಪ್-ಸಿ ಇದೆ, ನನ್ನ ಮೊಬೈಲ್ ಚಾರ್ಜರ್ ಹಾಕಿದ್ರೆ ಕೆಂಪು ಲೈಟೇ ಬರಲ್ಲ’. ಟಾರ್ಚ್ ಕೆಟ್ಟಿಲ್ಲ ಸ್ವಾಮಿ. ಹೊಸ ಮೊಬೈಲ್ ಚಾರ್ಜರ್‌ಗಳಲ್ಲಿ ವೈರಿನ ಎರಡೂ ತುದಿ ಟೈಪ್-ಸಿ ಇರುತ್ತೆ. ಅಂಥ ಚಾರ್ಜರ್ ಆ ಕಡೆ ಯಾವ ಸಾಮಾನು ಇದೆ ಅಂತ ಮೊದಲು ವಿಚಾರಿಸುತ್ತೆ, ಉತ್ತರ ಬಂದರೆ ಮಾತ್ರ ಕರೆಂಟ್ ಬಿಡುತ್ತೆ. ಆ ಉತ್ತರ ಕೊಡೋಕೆ ಟಾರ್ಚ್‌ನ ಸಾಕೆಟ್ ಹತ್ರ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಕಡಿಮೆ ಬೆಲೆಯ ಮಾಲಿನಲ್ಲಿ ಅದನ್ನ ಹಾಕಿರಲ್ಲ. ಹಳೇ ಚಪ್ಪಟೆ ಯುಎಸ್‌ಬಿ ತುದಿಯ ಚಾರ್ಜರ್ ಮತ್ತು ವೈರ್ ಹಾಕಿ, ತಕ್ಷಣ ಚಾರ್ಜ್ ಆಗುತ್ತೆ. ಅಂಗಡಿಯವರೂ ಇದನ್ನ ತಿಳ್ಕೊಂಡ್ರೆ ‘ಮಾಲು ವಾಪಸ್’ ಜಗಳ ಅರ್ಧ ಕಮ್ಮಿ ಆಗುತ್ತೆ.

ಅದಾದ ಮೇಲೆ ಚಾರ್ಜಿಂಗ್ ತೂತನ್ನ ನೋಡಿ. ಮಣ್ಣು, ರಾಗಿ ಹೊಟ್ಟು, ಸಗಣಿ ಧೂಳು ಎಲ್ಲಾ ಒಳಗೆ ಕೂತಿರುತ್ತೆ. ಒಣ ಟೂತ್‌ಪಿಕ್‌ನಲ್ಲಿ ಕೆರೆದು ತೆಗೀರಿ, ಪಿನ್ನು ಸೂಜಿ ಹಾಕಬೇಡಿ.

ಚಾರ್ಜಿಂಗ್ ದೀಪ ಸಹ ಏನೋ ಹೇಳ್ತಿರುತ್ತೆ. ಪೂರ್ತಿ ಖಾಲಿಯಾಗಿದ್ದ ಟಾರ್ಚನ್ನ ಚುಚ್ಚಿದ ಎರಡೇ ನಿಮಿಷಕ್ಕೆ ‘ಫುಲ್’ ಅಂತ ಹಸಿರೋ ನೀಲಿಯೋ ಬಂದರೆ, ಒಂದೋ ಸೆಲ್‌ಗೆ ಹೋಗೋ ತಂತಿ ಕಿತ್ತಿದೆ, ಇಲ್ಲಾ ಸೆಲ್ ಸತ್ತಿದೆ. ಒಂದು ಹಗಲು ಒಂದು ರಾತ್ರಿ ಕಳೆದರೂ ಕೆಂಪು ಹೋಗ್ಲೇ ಇಲ್ಲ ಅಂದ್ರೆ ಸೆಲ್ ಮುದಿಯಾಗಿದೆ. ಅದನ್ನ ಹಾಗೇ ಚುಚ್ಚಿ ಬಿಡಬೇಡಿ.

ಹತ್ತಿ ಆರುತ್ತೆ, ತಲೆ ಅಲ್ಲಾಡಿಸಿದ್ರೆ ಮತ್ತೆ ಹತ್ತುತ್ತೆ

ಇದು ವೈರ್. ನೂರಕ್ಕೆ ನೂರು ಅಲ್ಲದಿದ್ರೂ ತೊಂಬತ್ತು ವೈರೇ. ತಲೆ ಟಾರ್ಚ್‌ನಲ್ಲಿ ಮುಂದೆ ಬಲ್ಬು, ಹಿಂದೆ ಸೆಲ್ ಡಬ್ಬಿ ಇರೋ ಮಾದರಿ ಜಾಸ್ತಿ. ಎರಡರ ಮಧ್ಯೆ ಪಟ್ಟಿಯ ಪಕ್ಕದಲ್ಲಿ ಒಂದು ವೈರ್ ಓಡುತ್ತೆ. ಬಲ್ಬಿನ ಡಬ್ಬಿಯನ್ನ ಮೇಲೆ ಕೆಳಗೆ ಬಗ್ಗಿಸೋ ಕೀಲು ಇರುತ್ತಲ್ಲ, ದಿನಾ ಬಗ್ಗಿ ಬಗ್ಗಿ ವೈರ್ ತುಂಡಾಗೋದು ಅಲ್ಲೇ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಕಾಣುತ್ತೆ, ಒಳಗಿನ ತಾಮ್ರದ ಎಳೆ ಮಾತ್ರ ಕಡಿದಿರುತ್ತೆ. ಎತ್ತಿನ ಹಗ್ಗ ಗೂಟದ ಹತ್ರಾನೇ ಸವೆಯೋ ಹಾಗೆ.

ಪರೀಕ್ಷೆ ಸುಲಭ. ಟಾರ್ಚ್ ಆನ್ ಮಾಡಿ ಮೇಜಿನ ಮೇಲೆ ಇಡಿ. ಒಂದು ತುದಿಯಿಂದ ಶುರು ಮಾಡಿ ವೈರನ್ನ ಬೆರಳಲ್ಲಿ ಒಂದೊಂದೇ ಇಂಚು ಮೆತ್ತಗೆ ಬಗ್ಗಿಸುತ್ತಾ ಬನ್ನಿ. ಎಲ್ಲಿ ಬಗ್ಗಿಸಿದಾಗ ಬೆಳಕು ಮಿನುಗುತ್ತೋ ಅಲ್ಲಿ ರೋಗ. ಅಲ್ಲಿಗೆ ಕತ್ತರಿಸಿ, ಎರಡೂ ಕಡೆ ಅರ್ಧ ಇಂಚು ಸಿಪ್ಪೆ ಬಿಡಿಸಿ, ಕೆಂಪಿಗೆ ಕೆಂಪು ಕಪ್ಪಿಗೆ ಕಪ್ಪು ಸೇರಿಸಿ. ಬೆಸುಗೆ ಹಾಕಿದ್ರೆ ಒಳ್ಳೇದು. ಸೋಲ್ಡರಿಂಗ್ ಐರನ್ ಇಲ್ಲದಿದ್ರೆ ಬಿಗಿಯಾಗಿ ಹೊಸೆದು, ಎರಡು ಗಂಟೂ ಒಂದೇ ಜಾಗದಲ್ಲಿ ಬರದ ಹಾಗೆ ಹಿಂದೆ ಮುಂದೆ ಮಾಡಿ, ಬೇರೆ ಬೇರೆಯಾಗಿ ಟೇಪ್ ಸುತ್ತಿ. ಎರಡೂ ಒಂದಕ್ಕೊಂದು ತಾಗಿದ್ರೆ ಸೆಲ್ ಶಾರ್ಟ್ ಆಗುತ್ತೆ, ಲೀಥಿಯಂ ಆದ್ರೆ ವೈರ್ ಕೆಂಪಗೆ ಕಾಯುತ್ತೆ. ಆದ್ದರಿಂದ ಕತ್ತರಿಸೋ ಮುಂಚೆ ಸೆಲ್ ಹೊರಗೆ ತೆಗೆದಿಡಿ. ತೆಗೆಯೋಕೆ ಆಗದ ಮಾದರಿಯಾದ್ರೆ ಒಂದು ಸಲಕ್ಕೆ ಒಂದೇ ತಂತಿ ಕತ್ತರಿಸಿ, ಎರಡನ್ನೂ ಒಟ್ಟಿಗೆ ಕತ್ತರಿಗೆ ಕೊಟ್ಟರೆ ಕತ್ತರಿಯೇ ಶಾರ್ಟ್ ಮಾಡುತ್ತೆ. ಇದನ್ನ ನಾನು ಅನುಭವದಿಂದ ಹೇಳ್ತಿದೀನಿ, ನಮ್ಮಮ್ಮನ ಕತ್ತರಿಯಲ್ಲಿ ಈಗಲೂ ಒಂದು ಕರೀ ಕಚ್ಚು ಇದೆ.

ಕೀಲಿನ ಹತ್ರಾನೇ ಕಡಿದಿದ್ರೆ ಡಬ್ಬಿ ಬಿಚ್ಚಬೇಕು. ನಾಲ್ಕು ಸಣ್ಣ ಸ್ಟಾರ್ ಸ್ಕ್ರೂ ಇರುತ್ತೆ, ಕೆಲವೊಮ್ಮೆ ಸ್ಟಿಕರ್ ಕೆಳಗೆ ಒಂದು ಬಚ್ಚಿಟ್ಟಿರ್ತಾರೆ. ಬಿಚ್ಚೋ ಮುಂಚೆ ಮತ್ತು ಬಿಚ್ಚಿದ ತಕ್ಷಣ ಮೊಬೈಲ್‌ನಲ್ಲಿ ಫೋಟೋ ತೆಗೀರಿ. ಹಾಕುವಾಗ ಯಾವ ವೈರ್ ಎಲ್ಲಿತ್ತು ಅಂತ ಯಾರಿಗೂ ನೆನಪಿರಲ್ಲ.

ಬಟನ್ ಒತ್ತಿ ಹಿಡಿದ್ರೆ ಮಾತ್ರ ಉರಿಯುತ್ತೆ

ಬೆವರು. ಹಣೆಯ ಬೆವರಿನ ಉಪ್ಪು ಬಟನ್ ಒಳಗೆ ಇಳಿದು ಪಾಚಿ ಕಟ್ಟುತ್ತೆ. ಸೆಲ್ ತೆಗೆದು, ಬಟನ್ ಸಂದಿಗೆ ಮೆಡಿಕಲ್ ಸ್ಪಿರಿಟ್ ಎರಡು ಹನಿ ಬಿಟ್ಟು, ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ, ಚೆನ್ನಾಗಿ ಆರಿಸಿ. ಬಹಳ ಸಲ ಸರಿ ಹೋಗುತ್ತೆ. ಹೋಗದಿದ್ರೆ ಬಟನ್ ಬದಲಾಯಿಸಬೇಕು, ಅದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿ.

ಪೆನ್ಸಿಲ್ ಸೆಲ್ ಮಾದರಿಯಲ್ಲಿ ಸ್ಪ್ರಿಂಗ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಸೆಲ್ ಸೋರಿದೆ ಅಂತ ಅರ್ಥ. ಕೈಯಲ್ಲಿ ಮುಟ್ಟಬೇಡಿ. ಹಳೇ ಟೂತ್ ಬ್ರಷ್‌ನಲ್ಲಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಸಣ್ಣ ಮರಳು ಕಾಗದದಲ್ಲಿ ಹೊಳಪು ಬರೋವರೆಗೆ ಉಜ್ಜಿ. ಹೊಸ ಸೆಲ್ ಒಂದು, ಹಳೇ ಸೆಲ್ ಎರಡು ಅಂತ ಬೆರೆಸಬೇಡಿ. ಸೋರೋದಕ್ಕೆ ದೊಡ್ಡ ಕಾರಣವೇ ಅದು.

ಜೋರು ಬೆಳಕಿಗೆ ಹಾಕಿದ ತಕ್ಷಣ ಆರುತ್ತೆ, ಮಂಕಲ್ಲಿ ಉರಿಯುತ್ತೆ

ಇಲ್ಲಿ ಮಲ್ಟಿಮೀಟರ್ ಬೇಕು. ಸಾದಾ ಮೀಟರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತೆ, ಸ್ಟಾರ್ಟರ್ ಫ್ಯೂಸ್ ನೋಡೋಕೂ ಆಗುತ್ತೆ. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಸೆಲ್‌ನ ಎರಡು ತುದಿಗೆ ಕಡ್ಡಿ ಇಡಿ. ಸುಮ್ಮನಿದ್ದಾಗ 4 ವೋಲ್ಟ್ ತೋರಿಸಿತು ಅಂತ ಖುಷಿ ಪಡಬೇಡಿ. ಕಡ್ಡಿ ಇಟ್ಟುಕೊಂಡೇ ಟಾರ್ಚ್ ಜೋರಾಗಿ ಆನ್ ಮಾಡಿ. 4 ಇದ್ದದ್ದು ದಢಕ್ಕನೆ 3ಕ್ಕೆ ಬಿದ್ದರೆ ಸೆಲ್ ಮುಗಿದಿದೆ. ವಯಸ್ಸಾದ ಎತ್ತು ಕೊಟ್ಟಿಗೆಯಲ್ಲಿ ನಿಂತಾಗ ಗಟ್ಟಿಯಾಗೇ ಕಾಣುತ್ತೆ, ನೊಗ ಹೊತ್ತಾಗ ಗೊತ್ತಾಗೋದು. ಬದಲಿಗೆ ಸೆಲ್ ಹತ್ರ 3.9 ಹಾಗೇ ನಿಂತಿದೆ, ಆದರೆ ಬೆಳಕು ಇಲ್ಲ ಅಂದ್ರೆ ಸೆಲ್ ಚೆನ್ನಾಗಿದೆ, ತಪ್ಪು ಮುಂದಿನ ವೈರ್, ಬಟನ್ ಅಥವಾ ಬಲ್ಬಿನದು. ಈ ಒಂದು ಪರೀಕ್ಷೆ ಮಾಡದೆ ಎಷ್ಟೋ ಜನ ಒಳ್ಳೇ ಸೆಲ್ ಎಸೆದು ಹೊಸದು ಹಾಕಿಸ್ಕೊಂಡು, ಆಮೇಲೂ ಉರಿಯಲಿಲ್ಲ ಅಂತ ಅಂಗಡಿಯವರನ್ನ ಬೈತಾರೆ.

ಬಲ್ಬು ಅಂದ್ರೆ ಎಲ್‌ಇಡಿ ಸುಟ್ಟಿದ್ಯಾ ಅಂತ ನೋಡೋಕೆ ಎರಡು ಪೆನ್ಸಿಲ್ ಸೆಲ್ ಸಾಲಾಗಿ ಜೋಡಿಸಿ 3 ವೋಲ್ಟ್ ಕೊಟ್ಟು ನೋಡಿ, ಮಂಕಾಗಿಯಾದ್ರೂ ಹತ್ತಬೇಕು. ಹತ್ತದಿದ್ರೆ ಉಲ್ಟಾ ಹಿಡಿದು ನೋಡಿ. ಬೆಳಕು ನೀಲಿ ಬಣ್ಣಕ್ಕೆ ತಿರುಗಿದ್ರೆ ಅತಿಯಾಗಿ ಕಾದಿದೆ. ಬಿಳಿ ಎಲ್‌ಇಡಿ ಅಂದ್ರೆ ನೀಲಿ ಎಲ್‌ಇಡಿ ಮೇಲೆ ಬಳಿದ ಹಳದಿ ಲೇಪ, ಲೇಪ ಸುಟ್ಟರೆ ಒಳಗಿನ ನೀಲಿ ಇಣುಕುತ್ತೆ. ಆ ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೋ, ನಕಮುರಾ ಅನ್ನೋ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ನಮ್ಮ ಟಾರ್ಚ್ ಮಾಡಿದವನಿಗೆ ಮಾತ್ರ ಹಿಂದೆ ಒಂದು ಅಲ್ಯೂಮಿನಿಯಂ ತುಂಡು ಇಟ್ಟು ಬಿಸಿ ಹೊರಗೆ ಹಾಕಬೇಕು ಅನ್ನೋದು ಹೊಳೆದಿರಲ್ಲ.

ಈಗ ಬೆಂಕಿ ವಿಷಯ

ಗೋಡೆ ಪ್ಲಗ್‌ಗೆ ಚುಚ್ಚೋ ಟಾರ್ಚ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇರಲ್ಲ. ಒಂದು ಕಂದು ಬಣ್ಣದ ಕೆಪಾಸಿಟರ್, ನಾಲ್ಕು ಡಯೋಡ್, ಒಂದೆರಡು ರೆಸಿಸ್ಟರ್, ಅಷ್ಟೇ. 230 ವೋಲ್ಟ್ ಮತ್ತು ಬ್ಯಾಟರಿ ನಡುವೆ ಗೋಡೆ ಅನ್ನೋದೇ ಇಲ್ಲ. ಅಂದ್ರೆ ಚಾರ್ಜ್ ಆಗುವಾಗ ಒಳಗಿನ ಪ್ರತಿಯೊಂದು ತಂತಿ, ಬಲ್ಬಿನ ಕಾಲು ಸಹಿತ, ಕರೆಂಟ್ ಕಂಬದ ವೈರ್ ಇದ್ದ ಹಾಗೆ. ಚುಚ್ಚಿಟ್ಟು ಡಬ್ಬಿ ಬಿಚ್ಚೋದು, ಒಡೆದ ಡಬ್ಬಿಯನ್ನ ಚಾರ್ಜ್‌ಗೆ ಹಾಕೋದು, ಮಕ್ಕಳು ಆಡೋ ಜಾಗದಲ್ಲಿ ಚುಚ್ಚಿಡೋದು ಬೇಡವೇ ಬೇಡ. ಕಿತ್ತ ಮೇಲೂ ಪಿನ್ನು ಮುಟ್ಟಬೇಡಿ, ಕೆಪಾಸಿಟರ್‌ನಲ್ಲಿ ಉಳಿದ ಕರೆಂಟ್ ಹೊಡೆಯಬಹುದು.

ಇದರ ಸೀಸದ ಬ್ಯಾಟರಿ ಬಹಳ ಬೇಗ ಸಾಯುತ್ತೆ, ಯಾಕಂದ್ರೆ ನಾವು ಖಾಲಿ ಮಾಡಿ ಮೂಲೆಗೆ ಹಾಕಿ ತಿಂಗಳುಗಟ್ಟಲೆ ಮರೀತೀವಿ. ಸೀಸದ ಬ್ಯಾಟರಿ ಖಾಲಿ ಹೊಟ್ಟೇಲಿ ಇರಬಾರದು, ಒಳಗೆ ಗಟ್ಟಿ ಬಿಳಿ ಪದರ ಕಟ್ಟಿಬಿಡುತ್ತೆ. ಸತ್ತ ಮೇಲೆ ರಿಪೇರಿಗೆ ಕೊಟ್ಟರೆ ಕೆಲವರು ಹೇಳೋದು: ‘ಅಣ್ಣ, ಈ ಬ್ಯಾಟ್ರಿ ಯಾಕೆ, ಲೀಥಿಯಂ ಹಾಕ್ಕೊಡ್ತೀನಿ, ಎರಡು ಪಟ್ಟು ಬರುತ್ತೆ’.

ನಮ್ಮ ಮನೆಯಲ್ಲೂ ಹಾಗೇ ಆಯ್ತು. ನಮ್ಮಪ್ಪನ ಟಾರ್ಚ್‌ಗೆ ಒಬ್ಬರು ಹಳೇ ಪವರ್ ಬ್ಯಾಂಕ್‌ನಿಂದ ಬಿಚ್ಚಿದ ಚಪ್ಪಟೆ ಸೆಲ್ ಹಾಕಿ ಕೊಟ್ಟರು. ಒಂದು ವಾರ ಭರ್ಜರಿ ಬೆಳಕು. ಆಮೇಲೆ ಒಂದು ದಿನ ಮದುವೆಗೆ ಹೋಗಿ ಬರೋವರೆಗೆ ಪ್ಲಗ್‌ನಲ್ಲೇ ಮರೆತಿದ್ವಿ. ಬಂದು ನೋಡಿದ್ರೆ ಡಬ್ಬಿ ಬಾಯಿ ಬಿಟ್ಟಿದೆ, ಸೆಲ್ ಪೂರಿ ಥರ ಉಬ್ಬಿದೆ. ಪಕ್ಕದಲ್ಲೇ ಮೇವಿನ ಚೀಲ ಇತ್ತು.

ಏನಾಯ್ತು ಅಂದ್ರೆ, ಆ ಕೆಪಾಸಿಟರ್ ಚಾರ್ಜರ್‌ಗೆ ‘ತುಂಬಿತು, ನಿಲ್ಲಿಸು’ ಅನ್ನೋ ಬುದ್ಧಿ ಇಲ್ಲ. ಅದರ ಮೇಲೆ 105 ಅಂತ ಬರೆದಿದ್ದರೆ 1 ಮೈಕ್ರೋಫ್ಯಾರಡ್, ಅದು ಸುಮಾರು 70 ಮಿಲಿಆಂಪಿಯರ್ ಕರೆಂಟ್ ಬಿಡುತ್ತಾನೇ ಇರುತ್ತೆ. ಸೀಸದ ಬ್ಯಾಟರಿ ಇಷ್ಟನ್ನ ಹೇಗೋ ತಡ್ಕೊಳ್ಳುತ್ತೆ. ಲೀಥಿಯಂ ಸೆಲ್ 4.2 ವೋಲ್ಟ್ ದಾಟಿದ್ರೆ ಒಳಗೆ ಕೆಟ್ಟು ಗ್ಯಾಸ್ ತುಂಬುತ್ತೆ, ಬಿಸಿಯಾಗುತ್ತೆ, ಹೊತ್ತಿಕೊಳ್ಳಲೂಬಹುದು. ಮೋಸ ಇರೋದು ನಿಧಾನದಲ್ಲಿ. 2000 ಎಂಎಎಚ್ ಸೆಲ್ ತುಂಬೋಕೆ 70 ಮಿಲಿಆಂಪಿಯರ್‌ನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಬೇಕು. ಅದಕ್ಕೇ ರಾತ್ರಿ ಚುಚ್ಚಿ ಬೆಳಿಗ್ಗೆ ಕಿತ್ತಷ್ಟು ದಿನ ಏನೂ ಆಗಲ್ಲ, ಹಾಕಿಕೊಟ್ಟವರಿಗೂ ತಪ್ಪು ಗೊತ್ತಾಗಲ್ಲ. ಮರೆತ ದಿನ ಗೊತ್ತಾಗುತ್ತೆ.

ಲೀಥಿಯಂ ಹಾಕಿಸಲೇಬೇಕು ಅಂತಿದ್ರೆ ಹೀಗೆ ಹೇಳಿ: ‘ಹಳೇ ಪ್ಲಗ್ ಪಿನ್ನು, ಕೆಪಾಸಿಟರ್ ಬೋರ್ಡು ಪೂರ್ತಿ ಕಿತ್ತು ಹಾಕಿ, ಟಿಪಿ4056 ಬೋರ್ಡ್ ಹಾಕಿ, ಪ್ರೊಟೆಕ್ಷನ್ ಇರೋದೇ ಹಾಕಿ’. ಹೆಬ್ಬೆಟ್ಟು ಗಾತ್ರದ ನೀಲಿ ಬೋರ್ಡ್ ಅದು, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ರಾಶಿ ಬಿದ್ದಿರುತ್ತೆ, ಬೆಲೆಯೂ ಸ್ವಲ್ಪ. ಮೊಬೈಲ್ ಚಾರ್ಜರ್‌ನ 5 ವೋಲ್ಟ್ ತಗೊಂಡು, 4.2ಕ್ಕೆ ತಾನೇ ನಿಲ್ಲಿಸುತ್ತೆ. ಸೆಲ್ ತೀರಾ ಖಾಲಿಯಾಗೋ ಮುಂಚೆ ಬೆಳಕನ್ನೂ ಆರಿಸುತ್ತೆ. ಹೊಸದಾಗಿ ಜೋಡಿಸಿದ ತಕ್ಷಣ ಟಾರ್ಚ್ ಹತ್ತದಿದ್ರೆ ಗಾಬರಿ ಬೇಡ, ಒಂದು ಸಲ ಚಾರ್ಜರ್ ಚುಚ್ಚಿದ್ರೆ ಆ ಪ್ರೊಟೆಕ್ಷನ್ ಎಚ್ಚರ ಆಗುತ್ತೆ. ಎರಡು ಸೆಲ್ ಪಕ್ಕಪಕ್ಕ ಇರೋ ಟಾರ್ಚ್ ಆದ್ರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಒಂದು ತುಂಬಿ ಇನ್ನೊಂದು ಖಾಲಿ ಇದ್ದಾಗ ಜೋಡಿಸಿದ್ರೆ ತುಂಬಿದ್ದು ಖಾಲಿಯದ್ದಕ್ಕೆ ಒಮ್ಮೆಲೇ ನುಗ್ಗುತ್ತೆ. ಸೆಲ್ ಮೈಮೇಲೆ ನೇರವಾಗಿ ಬೆಸುಗೆ ಹಾಕೋಕೆ ಬಿಡಬೇಡಿ, ಪಟ್ಟಿ ಹಚ್ಚಿದ ಸೆಲ್ ತರಿಸಿ, ಇಲ್ಲಾ ಹೋಲ್ಡರ್ ಹಾಕಿಸಿ.

ಅಂಗಡಿಯವರಿಗೆ ಎರಡು ಮಾತು

‘9900 ಎಂಎಎಚ್’ ಅಂತ ಬರೆದ 18650 ಸೆಲ್ ಮಾರಬೇಡಿ. ಆ ಗಾತ್ರದಲ್ಲಿ ಒಳ್ಳೇ ಕಂಪನಿಯವರಿಂದಲೂ ಸುಮಾರು 3500ರ ತನಕವೇ ಸಾಮಾನ್ಯವಾಗಿ ಬರೋದು. ತಕ್ಕಡಿಗೆ ಹಾಕಿ ನೋಡಿ, ಒಳ್ಳೇ ಸೆಲ್ 45 ಗ್ರಾಂ ಹತ್ತಿರ ತೂಗುತ್ತೆ. 25, 30 ಗ್ರಾಂ ತೋರಿಸಿದ್ರೆ ಒಳಗೆ ಏನು ತುಂಬಿದ್ದಾರೋ ದೇವರಿಗೇ ಗೊತ್ತು. ಗಿರಾಕಿ ‘12 ಗಂಟೆ ಉರಿಯುತ್ತಾ’ ಅಂದ್ರೆ ಈ ಲೆಕ್ಕ ಹೇಳಿ: ನಿಜವಾದ 2000 ಎಂಎಎಚ್ ಸೆಲ್‌ನಲ್ಲಿರೋದು ಏಳೂವರೆ ವ್ಯಾಟ್-ಗಂಟೆಯಷ್ಟು ಶಕ್ತಿ. 3 ವ್ಯಾಟ್‌ನ ಬಲ್ಬು ಜೋರಾಗಿ ಉರಿದರೆ ಎರಡೂವರೆ ಗಂಟೆ. ಡಬ್ಬದ ಮೇಲಿನ 12 ಗಂಟೆ ಮಂಕು ಬೆಳಕಿಗೆ. ಮೂರು ಗಂಟೆ ನೀರು ಕಟ್ಟೋ ರೈತನಿಗೆ ಇದು ಮೊದಲೇ ಗೊತ್ತಿದ್ರೆ ಗದ್ದೆ ಮಧ್ಯೆ ಕತ್ತಲಾಗಲ್ಲ.

ಸತ್ತ ಸೆಲ್‌ಗಳನ್ನ ಕಸದ ಗಾಡಿಗೆ, ತಿಪ್ಪೆಗೆ, ಒಲೆಗೆ ಹಾಕಬೇಡಿ. ತಿಪ್ಪೆಗೆ ಬಿದ್ದ ಸೀಸ ಗೊಬ್ಬರದ ಜೊತೆ ಹೊಲಕ್ಕೇ ವಾಪಸ್ ಬರುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನ ವಾಪಸ್ ಸಂಗ್ರಹಿಸೋ ಹೊಣೆ ತಯಾರಕರದ್ದು. ತಮಾಷೆ ಅಂದ್ರೆ, ದೇಶದಲ್ಲಿ ಸರ್ಕಾರದ ಅನುಮತಿ ಪಡೆದ ಮೊದಮೊದಲ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ‘ಇ-ಪರಿಸರ’ 2005ರಲ್ಲಿ ಶುರುವಾಗಿದ್ದು ನಮ್ಮ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲೇ. ಬೆಂಗಳೂರಿನ ಕಂಪನಿಗಳ ಹಳೇ ಕಂಪ್ಯೂಟರ್ ಹೈವೇ ಹಿಡಿದು ಇಲ್ಲಿಗೆ ಬರುತ್ತೆ, ಇಲ್ಲಿಯ ಸೆಲ್ ಮಾತ್ರ ಇಲ್ಲೇ ಚರಂಡಿಗೆ ಹೋಗುತ್ತೆ. ಅಂಗಡಿ ಮುಂದೆ ಒಂದು ಪ್ಲಾಸ್ಟಿಕ್ ಡಬ್ಬ ಇಟ್ಟು, ಬಂದ ಸೆಲ್‌ಗಳ ಎರಡೂ ತುದಿಗೆ ಟೇಪ್ ಅಂಟಿಸಿ ಕೂಡಿಟ್ಟರೆ, ಹಳ್ಳಿಯ ಹತ್ತಿಪ್ಪತ್ತು ಮನೆಯದು ಒಟ್ಟಿಗೆ ಕಳಿಸಬಹುದು. ಉಬ್ಬಿದ ಸೆಲ್‌ಗಳನ್ನ ಮಾತ್ರ ಆ ಡಬ್ಬಕ್ಕೆ ಹಾಕಬೇಡಿ, ಮರಳು ತುಂಬಿದ ಮಣ್ಣಿನ ಕುಡಿಕೆಯಲ್ಲಿ ಮನೆಯಿಂದ ಆಚೆ ಇಡಿ, ಚುಚ್ಚಬೇಡಿ, ಒತ್ತಬೇಡಿ.

ನಮ್ಮಪ್ಪನ ಟಾರ್ಚ್ ಈಗ ಮೊಬೈಲ್ ಚಾರ್ಜರ್‌ನಲ್ಲಿ ಚಾರ್ಜ್ ಆಗುತ್ತೆ. ಪ್ಲಗ್ ಪಿನ್ನು ಇದ್ದ ತೂತಿಗೆ ಎಂ-ಸೀಲ್ ಮೆತ್ತಿದೀನಿ, ನೋಡೋಕೆ ಚೆನ್ನಾಗಿಲ್ಲ.